ವಾಲಿದ ಲಾಂಚು

ಬ್ಯಾಕೋಡಿನ ಕಡೆಗೆ ಹೊರಟ ಲಾಂಚು ಹಿನ್ನೀರಿನ ನಡುವೆ ವಾಲತೊಡಗಿತ್ತು. ಮಂಗನ ಕಾಯಿಲೆಯಿಂದ ಬದುಕಿ ಎದ್ದ ಕೆರಿಯಮ್ಮ ಎಡಗಡೆ ಬೆಂಚಿನಲ್ಲಿ ಒಬ್ಬಳೇ. ಉಳಿದವರೆಲ್ಲ ಬಲಗಡೆ ಒತ್ತಿಕೊಂಡು ಕೂತಿದ್ದರು. ಅವಳನ್ನು ಮುಟ್ಟಿದರೆ ಅಂಟುತ್ತದೆಂದು ಊರಿಗೆಲ್ಲ ಸಾರಿದವನು ಗಿರಿಯಪ್ಪ. ರೇಡಿಯೋದಲ್ಲಿ ಡಾಕ್ಟರೇ ಹೇಳಿದರು ಅಂದಿದ್ದ. ಸೆಲ್ಲು ಉಳಿಸಲು ರೇಡಿಯೋ ಅರ್ಧಕ್ಕೇ ಆರಿಸಿದ್ದನ್ನು ಮಾತ್ರ ಹೇಳಿರಲಿಲ್ಲ.

ಈಗ ಡ್ರೈವರನ ರೇಡಿಯೋದಲ್ಲಿ ಅದೇ ಡಾಕ್ಟರು ಮಾತಾಡುತ್ತಿದ್ದರು. “ಮಂಗನ ಕಾಯಿಲೆ ಕಾಡಿನ ಉಣುಗು ಹುಳ ಕಚ್ಚಿ ಬರುತ್ತದೆ. ರೋಗಿಯಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ.”

ಎಲ್ಲರೂ ಗಿರಿಯಪ್ಪನನ್ನೇ ನೋಡಿದರು. ಅವನು ನೀರು ನೋಡಿದ.

“ಗಿರಿಯಪ್ಪಣ್ಣ, ಈಚೆ ಬಂದು ಕೂತ್ಕಳಿ,” ಎಂದಳು ಕೆರಿಯಮ್ಮ. “ಲಾಂಚು ವಾಲ್ತಾ ಐತೆ.”

ಅವನು ತಲೆತಗ್ಗಿಸಿ ಹೋಗಿ ಅವಳ ಪಕ್ಕ ಕೂತ. ಅವಳು ಸೆರಗು ಸಹ ಅವನಿಗೆ ತಾಗದ ಹಾಗೆ ಎಳೆದುಕೊಂಡು, ರೂಢಿಯಂತೆ ಬೆಂಚಿನ ತುದಿಗೆ ಸರಿದಳು.