ರೋಬೋಟಿನ ತಪ್ಪು

“ನಿಮ್ಮ ಕೈಲೇನ ಹಾಕ್ರಿ ಅಂತ ಬಡಕೊಂಡ್ನಿ. ಕೇಳಲಿಲ್ಲ ನೀವು, ಮಷಿನ್ನಿಗೆ ಬಿಟ್ರಿ. ಈಗ ನೋಡ್ರಿ, ನನ್ನ ತಮ್ಮಗ ಕಾಲ ಏಳವಲ್ವು!”

ಚಿಂಚಲಿಯ ಅಮೋಘಸಿದ್ದನ ದನಿಗೆ ಪುಣೆಯ ಆ ಆಸ್ಪತ್ರೆಯ ವಾರ್ಡೆಲ್ಲ ತಿರುಗಿ ನೋಡಿತು. ಮಂಚದ ಮೇಲೆ ತಮ್ಮ ಮಲಕಾರಿ ಸೂರು ನೋಡುತ್ತ ಮಲಗಿದ್ದ. ಆಡುಗಳಿಗೆ ಸೊಪ್ಪು ಕಡಿಯಲು ಬೇವಿನ ಮರ ಹತ್ತಿದವನು ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದ. ರೋಬೋಟಿನ ನೆರವಿನಿಂದ ಮೂಳೆಗೆ ಸ್ಕ್ರೂ ಕೂರಿಸಿ ವಾರ ಕಳೆದಿತ್ತು.

ಡಾಕ್ಟರ್ ನೇಮಿನಾಥ ನಿಪ್ಪಾಣಿ ಕಡೆಯವರು. ಊರ ಕಡೆಯ ಈ ಸಿಟ್ಟು ಅವರಿಗೇನೂ ಹೊಸದಲ್ಲ. ಆದರೆ ಆಸ್ಪತ್ರೆಗೆ ರೋಬೋಟ್ ತರಿಸಲು ಹಟ ಹಿಡಿದವರೇ ಅವರು. ಅದರ ಮೇಲೆ ಮಾತು ಬಂದರೆ ತಡೆದುಕೊಳ್ಳಲಾರರು. ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಇಲ್ನೋಡ್ರಿ. ಬರೇ ಕೈಲೆ ಹಾಕಿದ್ರ ಒಮ್ಮೊಮ್ಮೆ ಸ್ಕ್ರೂ ತುಸು ಆಕಡೆ ಈಕಡೆ ಆಗಿ ನರಕ್ಕ ತಾಗತೈತಿ. ರೋಬೋಟ್ ದಾರಿ ತೋರಸ್ತು, ನಾನ ಕೂಡ್ರಿಸಿದೆ. ಒಂದೂ ತಪ್ಪಿಲ್ಲ. ಇಲ್ಲಿಗೆ ಬಂದಾಗನ ಅವನ ಕಾಲಾಗ ಜೀವ ಇರಲಿಲ್ಲ, ಆವತ್ತ ಹೇಳಿದ್ನಲ್ಲ?”

“ಸುಳ್ಳ ಹೇಳಬ್ಯಾಡ್ರಿ. ಮರದ ಬುಡಕ ಬಿದ್ದಾಗ ಕಾಲ ಝಾಡಸಾಕತ್ತಿದ್ದ. ಕಣ್ಣಾರೆ ನೋಡೇನಿ ನಾ.”

ಡಾಕ್ಟರ್ ಫಿಲ್ಮ್ ಕೆಳಗಿಳಿಸಿದರು. “ಅಲ್ಲಿಂದ ಮೊದಲ ರಾಯಬಾಗ ದವಾಖಾನಿಗೆ ಹ್ಯಾಂಗ ತಂದ್ರಿ?”

“ಆಂಬ್ಯುಲೆನ್ಸ್ ಕಾಯ್ಕೋತ ಕುಂಡ್ರೂ ಮಂದಿ ಅಲ್ರಿ ನಾವು,” ಅಮೋಘಸಿದ್ದ ಎದೆಯುಬ್ಬಿಸಿದ. “ಎತ್ತಿ ಬೈಕ್ ಮ್ಯಾಲ ಇಬ್ಬರ ನಡುವ ಕುಂಡರಿಸಿದ್ವಿ. ಹಿಂದ ನಾನ ಗಟ್ಟಿ ತಬ್ಬಿ ಹಿಡಿದಿದ್ನಿ. ಮೊದಲ ಭಾಳ ಚೀರಿದ, ಅರ್ಧ ದಾರಿಗೆ ಸುಮ್ಮನಾದ. ನೋವ ಇಳೀತಂತ ಗಾಡಿ ಇನ್ನೂ ಜೋರ ಬಿಟ್ವಿ.”

ನೇಮಿನಾಥರಿಗೆ ಉತ್ತರ ಸಿಕ್ಕಿತ್ತು. ಮುರಿದ ಬೆನ್ನು ಕೂತಲ್ಲೇ ಕುಲುಕಿ, ಒಳಗಿನ ನರ ಆ ರಸ್ತೆಯಲ್ಲೇ ಹೋಗಿತ್ತು. ಹೇಳಿಬಿಡೋಣವೆಂದು ಬಾಯಿ ತೆರೆದರು.

“ಅಣ್ಣಾ,” ಎಂದ ಮಲಕಾರಿ, “ಬಾಯಿ ಒಣಗೈತಿ. ಚಾ ತಗೊಂಡ ಬಾ ಹೋಗು.”

ಅಣ್ಣ ಗೊಣಗುತ್ತ ಬಾಗಿಲು ದಾಟಿದ. ಆಮೇಲೆ ಮಲಕಾರಿ ಕೈ ಚಾಚಿ ಡಾಕ್ಟರ ಕೋಟಿನ ಚುಂಗು ಹಿಡಿದ.

“ಕಾಲ ಗಾಡಿ ಮ್ಯಾಲೇ ಹ್ವಾದೂರಿ ಸಾಹೇಬ್ರ, ನನಗ ಗೊತ್ತೈತಿ. ಅಣ್ಣಗ ಹೇಳಬ್ಯಾಡ್ರಿ. ಮಷಿನ್ ತಪ್ಪಂತ ಹೇಳಿಬಿಡ್ರಿ. ಅದೇನ ರಾತ್ರಿಯೆಲ್ಲಾ ನಿದ್ದಿಗೆಟ್ಟ ಅಳಾಂಗಿಲ್ಲ.”