ಹುಳುಮನೆಯ ಹಾಡು

ಮಕ್ಕಳೇ, ನಿಮ್ಮ ಫೋನಿನಲ್ಲಿ ಆ ಒಂದು ಹಳೆಯ ಪ್ರೇಮಗೀತೆ ಕೇಳಿದರೆ ನನಗೆ ಈಗಲೂ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬರುತ್ತದೆ.

ಸೂಳಗಿರಿಯ ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಗಂಡ ತೀರಿಕೊಂಡು ತವರಿಗೆ ಬಂದಿದ್ದ ಅತ್ತೆ ಒಂದು ಮಧ್ಯಾಹ್ನ ಹುಳುಮನೆಯಲ್ಲಿ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ಅಲ್ಲೇ ಇದ್ದ ರೇಡಿಯೋದಲ್ಲಿ ಆ ಹಾಡು ಶುರುವಾದಾಗ ಸೊಪ್ಪು ಹಿಡಿದುಕೊಂಡೇ ನಿಂತುಬಿಟ್ಟಳು.

ಜಗಲಿಯಿಂದ ತಾತ ಅಜ್ಜಿಗೆ ಕೂಗಿದರು. "ಗಂಡ ಸತ್ತೋಳ್ಗೆ ಯಾಕೆ ಆ ಹಾಡು? ಹೋಗಿ ಆರಿಸ್ಬುಟ್ಟು ಬಾ!"

ಕಾಲು ತೊಳೆಯದೆ ಹುಳುಮನೆಗೆ ಯಾರೂ ಬರುವಂತಿರಲಿಲ್ಲ. ಅಜ್ಜಿ ಹೊಸ್ತಿಲಾಚೆ ನಿಂತು ಕಾಲಿನ ಒಂದೊಂದೇ ಬೆರಳು ಉಜ್ಜತೊಡಗಿದಳು.

"ಆಯ್ತೇನೇ?"

"ಇರಿ, ಕಾಲ್ ತೊಳೀತಾ ಇವ್ನಿ. ಹುಳ ಸತ್ರೆ ನೀವ್ ಬದುಕಿಸ್ತೀರಾ?"

ತೊಳೆದ ಕಾಲನ್ನೇ ಮತ್ತೆ ತೊಳೆದಳು. ಹಾಡು ಮುಗಿದ ಮೇಲೆ ಒಳಗೆ ಬಂದು ರೇಡಿಯೋ ಆರಿಸಿದಳು. ಆಮೇಲೆ ಅತ್ತೆಯ ಮುಖ ನೋಡದೆ ಮೆಲ್ಲಗೆ ಕೇಳಿದಳು.

"ನಾಳೆನೂ ಇದೇ ಹೊತ್ಗೆ ಬತ್ತದಾ?"