ಕೂದಲ ಹಗ್ಗ

ಮುರುಗಪ್ಪ ತೆಂಗಿನ ನಾರಿನ ಹಗ್ಗದ ಹುರಿ ಬಿಚ್ಚಿ, ಮೂಸಿ ನೋಡಿ, ಅಂಗಳಕ್ಕೆ ಎಸೆದ. "ಒಳಗೆಲ್ಲ ಕೊಳೆತೈತೆ ಪಾಲಯ್ಯ. ಹೋದ ವರ್ಷ ನನ್ನ ಕೆಡವಿದ್ದು ಇದರ ಅಣ್ಣಾನೇ."

ಹೋದ ವರ್ಷ ರಾಮಗಿರಿ ಗುಡ್ಡದ ಬುಡದಲ್ಲಿ, ಚಿರತೆ ಹೊಡೆಯಲೆಂದು ಮರದ ಮೇಲಿನ ಅಟ್ಟಣೆಗೆ ಹತ್ತುತ್ತಿದ್ದಾಗ ಹಗ್ಗ ಹರಿದು ಬಿದ್ದವನು ಅವನು. ಚಿರತೆಯಂತೂ ಅತ್ತ ಸುಳಿಯಲೇ ಇಲ್ಲ, ಇವನ ಸೊಂಟ ಮಾತ್ರ ಹೋಯಿತು. ಅಂದಿನಿಂದ ಊರುಗೋಲು ಹಿಡಿದು ಓಡಾಡುತ್ತ, ಹಗ್ಗದ ವಿಷಯದಲ್ಲಿ ಊರಿಗೆಲ್ಲ ಮೇಷ್ಟ್ರಾಗಿಬಿಟ್ಟಿದ್ದ. ಈ ಸಲ ಪಾಲಯ್ಯನ ಸರದಿ. ಅವನ ಹಟ್ಟಿಯಿಂದ ಐದು ಕುರಿ ಹೋಗಿದ್ದವು. ಅದು ಎಪ್ಪತ್ತೊಂದನೇ ಇಸವಿ, ಬೇಟೆಗೆ ಆಗಿನ್ನೂ ಈಗಿನಷ್ಟು ಕಟ್ಟುನಿಟ್ಟಿರಲಿಲ್ಲ. ಗೌಡರು ಕೋವಿ ಕೊಟ್ಟಿದ್ದರು. ಅಟ್ಟಣೆ ಕಟ್ಟಿ ಎರಡು ದಿನವಾಗಿತ್ತು. ಹೊತ್ತು ಇಳಿಯುವುದರೊಳಗೆ ಹತ್ತಿ ಕೂರಬೇಕು, ನಂಬಿಕೆಯ ಹಗ್ಗ ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಮರ ಹತ್ತಲೂ ಅದೇ ಹಗ್ಗ, ತೂಕಡಿಕೆ ಬಂದರೆ ಬೀಳದಂತೆ ಸೊಂಟವನ್ನು ಕೊಂಬೆಗೆ ಬಿಗಿಯಲೂ ಅದೇ ಹಗ್ಗ.

ಕತ್ತಾಳೆ ಹಗ್ಗವನ್ನು ಎರಡು ಕಡೆ ಇಲಿ ಕಡಿದಿತ್ತು. ಕೊನೆಗೆ ಪಾಲಯ್ಯ, ದುರ್ಗದ ಪೇಟೆಯಿಂದ ತಂದಿದ್ದ ನೀಲಿ ನೈಲಾನ್ ಹಗ್ಗವನ್ನು ಗತ್ತಿನಿಂದಲೇ ಮುಂದಿಟ್ಟ. ಮುರುಗಪ್ಪ ಅದನ್ನು ಜಗಲಿಯ ಕಂಬಕ್ಕೆ ಗಂಟು ಹಾಕಿ ಎರಡು ಸಲ ಜಗ್ಗಿದ. ಗಂಟು ಜಾರಿ ಬಿಚ್ಚಿಕೊಂಡಿತು.

"ನೋಡಾಕೇನೋ ಚೆಂದೈತೆ. ಇದ್ರಾಗೆ ಎಮ್ಮೆ ಕಟ್ಟಿದ್ರೆ ಎಮ್ಮೇನೂ ನಗ್ತದೆ," ಎಂದ ಮುರುಗಪ್ಪ. "ಮೇಕೆ ಕೂದಲಿನ ಹಗ್ಗ ಆಗ್ಬೇಕಪ್ಪ. ನೀರಿಗೆ ಕೊಳೆಯಲ್ಲ, ಹಾಕಿದ ಗಂಟು ಬಿಡಲ್ಲ. ಕುರಿ ಮೇಕೆ ಸಾಕೋರು ನೀವು, ಒಂದೂ ಇಲ್ವೇನು?"

"ಇಲ್ಲ," ಎಂದ ಪಾಲಯ್ಯ. ಎಂದವನೇ ನೈಲಾನ್ ಹಗ್ಗವನ್ನು ಸುತ್ತತೊಡಗಿದ. "ಇದ್ಕೇ ಇನ್ನೊಂದು ಗಂಟು ಹೆಚ್ಚಿಗೆ ಹಾಕ್ಕಂತೀನಿ ಬಿಡು."

ಒಳಗೆ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದ ಅವನ ಹೆಂಡತಿ ಏಕಾಂತಮ್ಮನ ಕೈ ನಿಂತಿತು. ಕೂದಲ ಹಗ್ಗ ಮನೆಯಲ್ಲಿತ್ತು, ಅವಳ ಟ್ರಂಕಿನ ತಳದಲ್ಲಿ. ಮದುವೆಯಾಗಿ ಬರುವಾಗ ಅವಳ ಅವ್ವ ಕರಿ ಮೇಕೆಯ ಕೂದಲಿನಲ್ಲಿ ಕೈಯಾರೆ ಹೊಸೆದು ಕೊಟ್ಟಿದ್ದ ತೊಟ್ಟಿಲ ಹಗ್ಗ ಅದು. ಅವಳ ತವರಿನ ಕಟ್ಟಳೆಯಂತೆ ಅದರ ಮೇಲೆ ಮೊದಲ ಭಾರ ಕೂಸಿನದ್ದೇ ಆಗಬೇಕು. ಬೇರೆ ಭಾರ ಒಂದೇ ಒಂದು ಸಲ ಬಿದ್ದರೂ ಆಮೇಲೆ ಅದನ್ನು ತೊಟ್ಟಿಲಿಗೆ ಕಟ್ಟುವಂತಿಲ್ಲ. ಹದಿನಾಲ್ಕು ವರ್ಷವಾಗಿತ್ತು. ಕೂಸಿಗಾಗಿ ಹರಕೆ ಹೊತ್ತು ಹಾಲುರಾಮೇಶ್ವರಕ್ಕೆ ಮೂರು ಸಲ ಹೋಗಿ ಬಂದಾಗಿತ್ತು. ಪ್ರತಿ ಯುಗಾದಿಗೂ ಅವಳು ಹಗ್ಗವನ್ನು ಹೊರಗೆ ತೆಗೆದು, ಬಿಸಿಲು ಕಾಣಿಸಿ, ಹುಳ ಬೀಳದಂತೆ ನಡುವೆ ಬೇವಿನ ಸೊಪ್ಪಿಟ್ಟು ಮತ್ತೆ ಸುತ್ತಿಡುತ್ತಿದ್ದಳು. ಕೂಸು ಬೇಕೆಂಬ ಆಸೆ ಅವಳಿಗೆ ಒಂದು ದಿನವೂ ಕಡಿಮೆಯಾಗಿರಲಿಲ್ಲ. ಬೇರೆಯವರ ಮನೆಯ ನಾಮಕರಣಕ್ಕೆ ಹೋಗಿ ಬಂದ ರಾತ್ರಿ ಅವಳು ಊಟ ಮಾಡುತ್ತಿರಲಿಲ್ಲ, ಪಾಲಯ್ಯ ಯಾಕೆಂದು ಕೇಳುತ್ತಿರಲಿಲ್ಲ. ಈಗ ಅವನು ಹೇಳಿದ ಸುಳ್ಳೂ ತನಗಾಗಿಯೇ ಎಂದು ಅವಳಿಗೆ ಗೊತ್ತಾಯಿತು.

ಅವಳು ಹಿಟ್ಟಿನ ಕೈಯಲ್ಲೇ ಹಗ್ಗ ತಂದು ಗಂಡನ ಮುಂದೆ ಹಿಡಿದಳು.

"ಒಳಗಿಡೇ ಅದ್ನ," ಎಂದ ಪಾಲಯ್ಯ. "ಯಾತಕ್ಕೆ ಇಟ್ಟಿರೋದು ಅಂತ ಗೊತ್ತಿಲ್ವಾ?"

"ಗೊತ್ತೈತೆ."

"ಮುಂದೆ ಬೇಕಾಗ್ತದೆ."

"ಮರದ ಮೇಲಿಂದ ನೀನು ಬಿದ್ರೆ ಮುಂದೆ ಯಾತಕ್ಕೆ ಬೇಕಾಗ್ತದೆ?"

ಪಾಲಯ್ಯ ಹಗ್ಗವನ್ನು ಕೈಗೆ ತೆಗೆದುಕೊಂಡ. ಏನೋ ಎಡವಟ್ಟಾಯಿತೆಂದು ಮುರುಗಪ್ಪನಿಗೂ ಹೊಳೆದು, ಕೈಯಲ್ಲೇ ಇದ್ದ ಊರುಗೋಲನ್ನು ಜಗಲಿಯ ಮೇಲೆಲ್ಲ ಹುಡುಕಿದ. ಆದರೂ ಬಿದ್ದು ಕಲಿತವನ ಬಾಯಿ ಸುಮ್ಮನಿರಬೇಕಲ್ಲ. "ಯಾವ್ದೇ ಹಗ್ಗ ಆಗ್ಲಿ, ಆಳಿನ ಭಾರ ಹಾಕಿ ನೋಡ್ದೆ ಮರ ಹತ್ತಬ್ಯಾಡ," ಎಂದು ಹೇಳಿಯೇ ಅಂಗಳ ದಾಟಿದ.

ಪಾಲಯ್ಯ ಹಿತ್ತಲಿನ ಹುಣಸೆಮರದ ಕೊಂಬೆಗೆ ಹಗ್ಗ ಇಳಿಬಿಟ್ಟು, ತುದಿಗಳನ್ನು ಸೇರಿಸಿ ಗಂಟು ಹಾಕಿದ. ಹಾಕಿದವನು ಹಾಗೆಯೇ ನಿಂತ. ಜೋತು ಬೀಳಲು ಅವನಿಗೆ ಕೈ ಬರಲಿಲ್ಲ.

"ಸರಿ ಅತ್ಲಾಗೆ. ಮೊದಲ ಭಾರ ನಂದೇ ಆಗ್ಲಿ," ಎಂದಳು ಏಕಾಂತಮ್ಮ.

ಸೆರಗು ಸಿಕ್ಕಿಸಿಕೊಂಡು ಹಗ್ಗದ ಕುಣಿಕೆಯಲ್ಲಿ ಕುಳಿತಳು. ಕಾಲು ನೆಲ ಬಿಟ್ಟಿತು. ಕೊಂಬೆ ತುಸು ಬಾಗಿತು, ಒಣಗಿದ ಎಲೆಗಳು ಅವಳ ತಲೆಯ ಮೇಲೆ ಉದುರಿದವು. ಅವ್ವ ಹೊಸೆದ ಹಗ್ಗ ಒಂದಿಷ್ಟೂ ಸಡಿಲಲಿಲ್ಲ. ಗಂಟು ನೋಡಲೆಂದು ಕೈ ಚಾಚಿದ್ದ ಪಾಲಯ್ಯ, ಯಾಕೆಂದು ತನಗೇ ತಿಳಿಯದೆ, ಹಗ್ಗವನ್ನು ಮೆಲ್ಲಗೆ ನೂಕಿದ. ಏಕಾಂತಮ್ಮ ಮುಂದೆ ಹೋಗಿ ಹಿಂದೆ ಬಂದಳು. ಅವನು ಮತ್ತೆ ನೂಕಿದ. ಅವಳು ಕಣ್ಣು ಮುಚ್ಚಿದ್ದಳು. ಇಳಿಬಿಸಿಲು ಆಗಲೇ ಗುಡ್ಡದ ನೆತ್ತಿಗೆ ಏರಿತ್ತು.

"ಸಾಕು, ಇಳಿ. ಹಗ್ಗ ಗಟ್ಟಿ ಐತೆ," ಎಂದ ಪಾಲಯ್ಯ.

ಏಕಾಂತಮ್ಮ ಕಣ್ಣು ತೆರೆಯಲಿಲ್ಲ.

"ಇನ್ನೊಂದ್ಸಲ ತೂಗು," ಎಂದಳು.